ಇಬ್ರೂ ಕೆಲಸಕ್ಕೆ ಹೋಗೋ ಮನೇಲಿ ಕ್ಲೀನಿಂಗ್ ಹೇಗೆ ಹೊಂದಿಸ್ಕೊಂಡಿದೀರಾ? ನಮ್ಮ ಭಾನುವಾರ ಪೂರ್ತಿ ಇದಕ್ಕೇ ಹೋಗ್ತಿದೆ

ಕಿಟಕಿಪಕ್ಕ
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಬೇಜಾರಿಲ್ದೆ ಓದಿ. ಮನೇಲಿ ಐದು ಜನ. ನಾನು, ನಮ್ಮನೆಯವ್ರು, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ, ಮಂಡಿನೋವಿರೋ ಅತ್ತೆ. ನಾವಿಬ್ರೂ ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ರೆ ಮತ್ತೆ ಒಳಗೆ ಕಾಲಿಡೋದು ಸಂಜೆ ಏಳಕ್ಕೆ. ವಾರದಲ್ಲಿ ಪಾತ್ರೆ, ಬಟ್ಟೆ, ಒಂದ್ಸಲ ಕಸ ಗುಡಿಸೋದು ಇಷ್ಟು ಹೇಗೋ ನಡೆಯುತ್ತೆ, ಉಳಿದಿದ್ದೆಲ್ಲ ಭಾನುವಾರಕ್ಕೆ ತಳ್ತೀವಿ. ಭಾನುವಾರ ಎದ್ದಾಗಿಂದ ಬಾತ್‌ರೂಮು, ಫ್ಯಾನು, ಅಡುಗೆಮನೆ ಟೈಲ್ಸು, ನೆಲ, ಕಿಟಕಿ ಅಂತ ಮಧ್ಯಾಹ್ನ ಮೂರರ ತನಕ ಬಗ್ಗಿದ ಬೆನ್ನು ಎತ್ತೋಕಾಗಲ್ಲ. ಮಂಗಳವಾರ ರಾತ್ರಿ ನೋಡಿದ್ರೆ ಮನೆ ಮತ್ತೆ ಹಾಗೇ ಇರುತ್ತೆ.

ಹೋದ ವಾರ ಮಗಳು ಫೋನಲ್ಲಿ ಫ್ರೆಂಡಿಗೆ ಹೇಳ್ತಿದ್ಲು, "ಶನಿವಾರ ಬಾ, ಭಾನುವಾರ ಬೇಡ, ಅವತ್ತು ನಮ್ಮನೇಲಿ ಎಲ್ರೂ ಸಿಟ್ಟಲ್ಲಿರ್ತಾರೆ" ಅಂತ. ಅದು ಕಿವಿಗೆ ಬಿದ್ದಾಗಿಂದ ಪೊರಕೆ ಹಿಡಿಯೋಕೇ ಮನಸ್ಸು ಬರ್ತಿಲ್ಲ.

ಟೈಮ್‌ಟೇಬಲ್ ಎರಡು ಸಲ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೆ. ಸೋಮವಾರ ಬೆಡ್‌ರೂಮು, ಮಂಗಳವಾರ ಹಾಲು, ಹೀಗೆ. ಎರಡನೇ ವಾರ ಮಗನಿಗೆ ಜ್ವರ ಬಂತು, ಮೂರು ದಿನ ತಪ್ಪಿತು, ತಪ್ಪಿದ ಕೆಲಸ ಎಲ್ಲಿ ಸೇರಿಸೋದು ಗೊತ್ತಾಗದೆ ಅಲ್ಲಿಗೇ ನಿಂತೋಯ್ತು. ನಿಮ್ಮನೇಲಿ ನಿಜವಾಗ್ಲೂ ನಡೀತಿರೋ ಪದ್ಧತಿ ಇದ್ರೆ ಹೇಳಿ. ವಿಡಿಯೋದಲ್ಲಿ ತೋರಿಸೋ ಥರ ಹೊಳೆಯೋ ಮನೆ ನನಗೆ ಬೇಕಾಗಿಲ್ಲ.

ಮೂವರಪ್ಪ
ಭಾನುವಾರಕ್ಕೆ ಗುಡ್ಡೆ ಹಾಕ್ಬೇಡಿ. ದಿನಾ 15 ನಿಮಿಷ, ಟೈಮರ್ ಇಟ್ಕೊಂಡು, ಮನೆಮಂದಿಯೆಲ್ಲ ಒಟ್ಟಿಗೆ. ಟೈಮರ್ ಹೊಡೆದ ತಕ್ಷಣ ಎಲ್ಲಿದ್ರೆ ಅಲ್ಲಿಗೆ ನಿಲ್ಲಿಸಿ. ನಮ್ಮನೇಲಿ ನಾಲ್ಕು ವರ್ಷದಿಂದ ಇದೇ.

ರಾತ್ರಿಪಾಳಿ
"ದಿನಾ 15 ನಿಮಿಷ ಎಲ್ರೂ ಒಟ್ಟಿಗೆ" ಅನ್ನೋದು ಎಲ್ರೂ ಒಂದೇ ಹೊತ್ತಿಗೆ ಮನೇಲಿರೋರಿಗೆ ಸರಿ. ನಾನು ಆಸ್ಪತ್ರೇಲಿ ಪಾಳಿ ಕೆಲಸ ಮಾಡೋಳು, ಯಜಮಾನ್ರು ಬೆಳಿಗ್ಗೆ ಹೋಗ್ತಾರೆ, ವಾರದಲ್ಲಿ ಎರಡು ದಿನ ಮುಖಾನೇ ನೋಡಲ್ಲ. ಗಡಿಯಾರ ನೋಡ್ಕೊಂಡು ಮಾಡೋ ಯಾವ ಪ್ಲಾನೂ ನಮ್ಗೆ ಆಗಿಬರಲಿಲ್ಲ.

ಆಗಿಬಂದಿದ್ದು ಒಂದೇ, ಕೆಲಸಾನ ಹೊತ್ತಿಗೆ ಕಟ್ಟದೆ ಇನ್ನೊಂದು ಕೆಲಸಕ್ಕೆ ಗಂಟು ಹಾಕೋದು. ಹಲ್ಲುಜ್ಜಿದ ಮೇಲೆ ವಾಶ್‌ಬೇಸಿನ್ ಒರೆಸೋದು. ಸ್ನಾನ ಆದವರು ಹೊರಗೆ ಬರೋ ಮುಂಚೆ ಗೋಡೆ ಮತ್ತೆ ನೆಲಕ್ಕೆ ವೈಪರ್ ಎಳೆದು ಬರೋದು. ಹಾಲು ಕಾಯೋ ತನಕ ಒಲೆ ಪಕ್ಕದ ಕಟ್ಟೆ ಒರೆಸೋದು. ಚಪ್ಪಲಿ ಮೆಟ್ಕೊಳ್ಳೋ ಮುಂಚೆ ಕಸದ ಚೀಲ ಕೈಗೆ ತಗೊಳ್ಳೋದು. ನನ್ನ ಪಾಳಿ ಯಾವುದೇ ಇರ್ಲಿ, ಹಲ್ಲಂತೂ ಉಜ್ತೀನಲ್ವಾ. ಜ್ವರ ಬಂದ್ರೂ ಹಳೇ ಬಾಕಿ ಅಂತ ಏನೂ ಉಳಿಯಲ್ಲ, ನಾಳೆ ಹಲ್ಲುಜ್ಜಿದಾಗ ಮತ್ತೆ ಶುರು.

ಬಿಳಿಹಾಳೆ
ರಾತ್ರಿಪಾಳಿ ಅಕ್ಕ ಹೇಳಿದ್ದಕ್ಕೆ ನಂದೂ ಒಂದು ಓಟು. ವೈಪರ್ ಅಂತೂ ಪರಮ ಸತ್ಯ. ಟೈಲ್ಸ್ ಮೇಲೆ ಕೂರೋ ಬಿಳಿ ಕಲೆ ಕೊಳೆ ಅಲ್ಲ, ನೀರು ಆರಿದ ಮೇಲೆ ಉಳಿಯೋ ಸುಣ್ಣ. ನೀರನ್ನ ಆರೋಕೆ ಬಿಡದೇ ಎಳೆದುಬಿಟ್ರೆ ಉಜ್ಜೋ ಕೆಲಸಾನೇ ಅರ್ಧ ಕಡಿಮೆ ಆಗುತ್ತೆ.

ತಂಗಾಳಿ
15 ನಿಮಿಷದ ಲೆಕ್ಕ ಹಳೇದು. ಅಮೆರಿಕದಲ್ಲಿ ಫ್ಲೈಲೇಡಿ ಅಂತಲೇ ಹೆಸರಾಗಿರೋ ಮಾರ್ಲಾ ಸಿಲ್ಲಿ 1999ರಿಂದ ಇದನ್ನೇ ಹೇಳ್ಕೊಂಡು ಬಂದಿದಾರೆ, ಮೊದಲು ಸಿಂಕ್ ಹೊಳೆಯೋ ಹಾಗೆ ಉಜ್ಜು, ಆಮೇಲೆ ಮನೇನ ಭಾಗ ಮಾಡ್ಕೊಂಡು ವಾರಕ್ಕೊಂದು ಭಾಗ ನೋಡು ಅಂತ. ನಾನು ಒಂದು ವರ್ಷ ಮಾಡಿದೆ. ಸಿಂಕಿನ ಅಭ್ಯಾಸ ಇವತ್ತಿಗೂ ಉಳಿದಿದೆ, ಉಳಿದಿದ್ದು ನಿಲ್ಲಲಿಲ್ಲ. ರಾತ್ರಿ ಖಾಲಿ ಸಿಂಕ್ ಬಿಟ್ಟು ಮಲಗಿದ್ರೆ ಬೆಳಿಗ್ಗೆ ಅಡುಗೆಮನೆಗೆ ಹೋಗೋಕೆ ಬೇಜಾರಾಗಲ್ಲ, ಅಷ್ಟು ಸಾಕು ನನಗೆ.

ಕಾರ್ಖಾನೆಕಣ್ಣು
ನಾನು ಇಪ್ಪತ್ತು ವರ್ಷದಿಂದ ಯಂತ್ರಗಳ ಮಧ್ಯೆ ಕೆಲಸ ಮಾಡೋನು. ಅಲ್ಲಿ ನಾವು ಜಪಾನಿನಿಂದ ಬಂದ 5ಎಸ್ ಪದ್ಧತಿ ಪಾಲಿಸ್ತೀವಿ. ಸೈರಿ, ಸೈಟನ್, ಸೈಸೊ, ಸೈಕೆತ್ಸು, ಶಿತ್ಸುಕೆ. ಕನ್ನಡದಲ್ಲಿ ಹೇಳೋದಾದ್ರೆ ಬೇಡದ್ದು ತೆಗಿ, ಬೇಕಾದ್ದಕ್ಕೆ ಜಾಗ ಮಾಡು, ಶುಚಿ ಮಾಡು, ಇದನ್ನೇ ನಿಯಮ ಮಾಡ್ಕೋ, ಬಿಡದೇ ಪಾಲಿಸು. ಇದರಲ್ಲಿ ಶುಚಿ ಮಾಡೋದು ಮೂರನೇದು, ಮೊದಲನೇದಲ್ಲ ಅನ್ನೋದನ್ನ ಗಮನಿಸಿ.

ಕಿಟಕಿಪಕ್ಕ ಅವ್ರೇ, ನಿಮ್ಮ ಭಾನುವಾರದ ಏಳೆಂಟು ಗಂಟೇಲಿ ಒರೆಸೋಕೆ ಎಷ್ಟು ಹೋಗುತ್ತೆ, ಎತ್ತಿಡೋಕೆ ಎಷ್ಟು ಹೋಗುತ್ತೆ, ಒಂದ್ಸಲ ಗಡಿಯಾರ ಇಟ್ಟು ನೋಡಿ. ಎತ್ತಿಡೋದು ಬೇರೆ, ಒರೆಸೋದು ಬೇರೆ. ನಮ್ಮನೇಲಿ ಅಳೆದಾಗ ಅರ್ಧಕ್ಕಿಂತ ಜಾಸ್ತಿ ಹೊತ್ತು ಹೋಗ್ತಿದ್ದಿದ್ದು ಸಾಮಾನು ಎತ್ತೋದು, ಇದನ್ನ ಎಲ್ಲಿಡ್ಲಿ ಅಂತ ಕೈಲಿ ಹಿಡ್ಕೊಂಡು ನಿಲ್ಲೋದು, ಕೊನೆಗೆ ಮತ್ತೆ ಅದೇ ಮೇಜಿನ ಮೇಲೆ ಇಡೋದು. ಚಾರ್ಜರು, ಬೀಗದ ಕೈ, ಶಾಲೆ ಚೀಟಿ, ಒಂಟಿ ಕಾಲುಚೀಲ, ಇಷ್ಟಕ್ಕೇ ಜಾಗ ಇರಲಿಲ್ಲ. ವರ್ಕ್‌ಶಾಪಲ್ಲಿ ಸ್ಪ್ಯಾನರ್ ನೇತುಹಾಕೋ ಬೋರ್ಡ್ ಮೇಲೆ ಸ್ಪ್ಯಾನರಿಂದೇ ಆಕಾರ ಬರೆದಿರ್ತೀವಿ, ಇಲ್ಲದಿದ್ರೆ ಖಾಲಿ ಆಕಾರ ಕಣ್ಣಿಗೆ ಹೊಡೆಯುತ್ತೆ. ಮನೇಲಿ ಮಕ್ಕಳ ಆಟಿಕೆ ಡಬ್ಬಿ ಮೇಲೆ ಒಳಗಿರೋದರ ಚಿತ್ರ ಅಂಟಿಸಿದ್ವಿ, ಓದೋಕೆ ಬರದ ಮಗೂನೂ ವಾಪಸ್ ಹಾಕೋಕೆ ಶುರು ಮಾಡ್ತು.

ಹಸಿರುಬಾಗಿಲು
ಮನೆ ಅಂದ್ರೆ ಕಾರ್ಖಾನೆ ಅಲ್ಲ ಸರ್. ಮಕ್ಕಳು ಆಡಿದ ಮೇಲೆ ಸ್ವಲ್ಪ ಹರಡಿರ್ಲಿ ಬಿಡಿ.

ಕಾರ್ಖಾನೆಕಣ್ಣು
@ಹಸಿರುಬಾಗಿಲು ಹರಡೋದು ಬೇಡ ಅಂತ ನಾನೆಲ್ಲಿ ಹೇಳ್ದೆ? ಹರಡಿದ್ದು ವಾಪಸ್ ಹೋಗೋಕೆ ಒಂದು ಜಾಗ ಇರ್ಲಿ ಅಂದೆ.

ಕಿಟಕಿಪಕ್ಕ
ಎಲ್ರಿಗೂ ಥ್ಯಾಂಕ್ಸ್, ಇಷ್ಟು ಬೇಗ ಇಷ್ಟು ಉತ್ತರ ಬರುತ್ತೆ ಅಂದ್ಕೊಂಡಿರಲಿಲ್ಲ. ಕಾರ್ಖಾನೆಕಣ್ಣು ಸರ್, ನೀವು ಹೇಳಿದ್ದು ನಿಜ ಅನ್ಸುತ್ತೆ, ಡೈನಿಂಗ್ ಟೇಬಲ್ಲನ್ನ ನಾನು ಪ್ರತಿ ಭಾನುವಾರ ಮೂರು ಸಲ ಖಾಲಿ ಮಾಡ್ತೀನಿ.

ಇನ್ನೊಂದು ಪ್ರಶ್ನೆ. ಬಾತ್‌ರೂಮಿಗೇ ಒಂದೂವರೆ ಗಂಟೆ ಹಿಡಿಯುತ್ತೆ. ಹಳದಿ ಕಲೆ ಹೋಗಲ್ಲ ಅಂತ ನಾನು ಟಾಯ್ಲೆಟ್ ಕ್ಲೀನರ್ ಹಾಕಿ ಅದರ ಮೇಲೇ ಬ್ಲೀಚ್ ಹಾಕಿ ಉಜ್ತೀನಿ. ಆಮೇಲೆ ಕಣ್ಣುರಿ, ಒಂದು ಗಂಟೆ ಕೆಮ್ಮು. ಬೇಗ ಮುಗಿಯೋ ಬೇರೆ ದಾರಿ ಇದ್ಯಾ?

ರಸಾಯನಮೇಡಂ
ಕಿಟಕಿಪಕ್ಕ, ದಯವಿಟ್ಟು ಇವತ್ತಿಂದಲೇ ಅದನ್ನ ನಿಲ್ಲಿಸಿ. ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡೋಳು ನಾನು, ಇದನ್ನ ಕೈಮುಗಿದು ಹೇಳ್ತಿದೀನಿ. ಟಾಯ್ಲೆಟ್ ಕ್ಲೀನರ್‌ಗಳಲ್ಲಿ ತುಂಬ ಕಡೆ ಇರೋದು ಹೈಡ್ರೋಕ್ಲೋರಿಕ್ ಆಸಿಡ್. ಬ್ಲೀಚ್ ಅಂದ್ರೆ ಸೋಡಿಯಂ ಹೈಪೋಕ್ಲೋರೈಟ್. ಎರಡೂ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ. ನಿಮ್ಮ ಕಣ್ಣುರಿ, ಕೆಮ್ಮು ಎರಡೂ ಅದೇ. ಬಾಗಿಲು ಹಾಕಿದ ಸಣ್ಣ ಬಾತ್‌ರೂಮಲ್ಲಿ ಇದು ಜೀವಕ್ಕೇ ಅಪಾಯ. ಬ್ಲೀಚ್ ಜೊತೆ ಅಮೋನಿಯ ಇರೋ ಕ್ಲೀನರ್ ಬೆರೆಸಿದ್ರೂ ವಿಷದ ಗ್ಯಾಸೇ, ಅದು ಕ್ಲೋರಮೈನ್. ಬ್ಲೀಚ್ ಜೊತೆ ವಿನೆಗರ್ ಕೂಡ ಬೇಡ. ಬ್ಲೀಚಿಗೆ ನೀರು ಬಿಟ್ಟು ಬೇರೇನನ್ನೂ ಸೇರಿಸ್ಬೇಡಿ.

ಇನ್ನು ಬೇಗ ಮುಗಿಸೋ ವಿಷಯ. ಕ್ಲೀನರ್ ಹಾಕಿದ ತಕ್ಷಣ ಉಜ್ಜೋಕೆ ಹೋಗ್ಬೇಡಿ, ಬಾಟಲಿ ಮೇಲೆ ಎಷ್ಟು ನಿಮಿಷ ಬಿಡ್ಬೇಕು ಅಂತ ಬರೆದಿರುತ್ತೆ, ಅಷ್ಟು ಹೊತ್ತು ಬಿಟ್ಟು ಬೇರೆ ಕೆಲಸ ನೋಡಿ. ಅದು ತನ್ನ ಕೆಲಸ ತಾನು ಮಾಡಿಕೊಳ್ಳುತ್ತೆ, ನಿಮ್ಮ ತೋಳಿಗೆ ಕೆಲಸ ಕಮ್ಮಿ. ಗ್ಯಾಸ್ ಒಲೆ ಜಿಡ್ಡಿಗೂ ಹಾಗೇ, ಬಿಸಿನೀರು ಮತ್ತೆ ಪಾತ್ರೆ ತೊಳೆಯೋ ಲಿಕ್ವಿಡ್ ಅದ್ದಿದ ಬಟ್ಟೆ ಹತ್ತು ನಿಮಿಷ ಹೊದಿಸಿ ಬಿಡಿ.

ಕಿಟಕಿಪಕ್ಕ
ಮೇಡಂ, ಓದಿ ಕೈ ನಡುಗ್ತು. ಕೆಲವು ಸಲ ಮಗ ಬಾಗಿಲ ಹತ್ರಾನೇ ಕೂತು ಆಡ್ತಿರ್ತಾನೆ. ಬ್ಲೀಚ್ ಬಾಟಲಿ ಈಗ್ಲೇ ಬೇರೆ ಕಪಾಟಿಗೆ, ಅವನ ಕೈಗೆ ಎಟುಕದ ಹಾಗೆ ಎತ್ತಿಟ್ಟೆ.

ಬಿಳಿಹಾಳೆ
ಹಾಗಾದ್ರೆ ವಿನೆಗರ್ ಜೊತೆ ಅಡುಗೆ ಸೋಡ? ಎಲ್ಲ ವಿಡಿಯೋದಲ್ಲೂ ಅದೇ. ಬುರುಬುರು ಅಂತ ನೊರೆ ಬಂದು ಸಿಂಕ್ ಪೈಪೆಲ್ಲ ಕ್ಲೀನ್ ಆಗುತ್ತೆ ಅಂತಾರೆ.

ರಸಾಯನಮೇಡಂ
ಅದು ಅಪಾಯ ಅಲ್ಲ, ಆದ್ರೆ ಉಪಯೋಗವೂ ಇಲ್ಲ. ಒಂದು ಆಮ್ಲ, ಒಂದು ಕ್ಷಾರ, ಸೇರಿದ್ರೆ ಒಂದನ್ನೊಂದು ಕೊಂದುಕೊಳ್ಳುತ್ತೆ. ಉಳಿಯೋದು ನೀರು, ಸೋಡಿಯಂ ಅಸಿಟೇಟ್ ಅನ್ನೋ ಲವಣ, ಗುಳ್ಳೆಯಾಗಿ ಹೋಗೋ ಕಾರ್ಬನ್ ಡೈಆಕ್ಸೈಡ್. ಬೇರೆ ಬೇರೆ ಬಳಸಿ. ಸುಣ್ಣದ ಕಲೆಗೆ ವಿನೆಗರ್ ಅಥವಾ ನಿಂಬೆಹುಳಿ, ಕರಿ ಹಿಡಿದ ಪಾತ್ರೆ ಉಜ್ಜೋಕೆ ಸೋಡ. ಮಾರ್ಬಲ್ ನೆಲ ಇದ್ರೆ ಹುಳಿ ಯಾವುದನ್ನೂ ಮುಟ್ಟಿಸ್ಬೇಡಿ, ಮಾರ್ಬಲ್ಲೇ ಸುಣ್ಣದ ಕಲ್ಲು, ಹೊಳಪು ತಿಂದುಹಾಕುತ್ತೆ.

ಬಿಳಿಹಾಳೆ
ಐದು ವರ್ಷದಿಂದ ಮಾಡ್ತಿದ್ನಲ್ಲ ಮೇಡಂ 😮 ಪೈಪ್ ಕ್ಲೀನ್ ಆಗ್ತಿದ್ದಿದ್ದು ಆಮೇಲೆ ಸುರೀತಿದ್ದ ಬಿಸಿನೀರಿಗೇ ಇರ್ಬೇಕು.

ತಂಗಾಳಿ
ಪಾತ್ರೆ ತೊಳೆಯೋ ಸ್ಪಾಂಜ್ ಬಗ್ಗೆನೂ ಯಾರಾದ್ರೂ ಹೇಳಿ, ಅದನ್ನ ಬಿಸಿನೀರಲ್ಲಿ ಕುದಿಸಿದ್ರೆ ಸಾಕಲ್ವಾ?

ರಸಾಯನಮೇಡಂ
2017ರಲ್ಲಿ ಜರ್ಮನಿಯ ಸಂಶೋಧಕರು ಬಳಸಿದ 14 ಸ್ಪಾಂಜ್ ಪರೀಕ್ಷೆ ಮಾಡಿದ್ರು, ಕೆಲವು ಕಡೆ ಒಂದು ಘನ ಸೆಂಟಿಮೀಟರ್‌ನಲ್ಲೇ ಸಾವಿರ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಸಿಕ್ತು. ನಾವು ಆಗಾಗ ಶುಚಿ ಮಾಡ್ತೀವಿ ಅಂದವರ ಸ್ಪಾಂಜಲ್ಲೂ ಕಡಿಮೆ ಇರಲಿಲ್ಲ. ಅವರು ಹೇಳಿದ್ದು ವಾರಕ್ಕೊಂದು ಬದಲಾಯಿಸಿ ಅಂತ. ಎಲ್ಲ ಬ್ಯಾಕ್ಟೀರಿಯಾನೂ ಕೆಟ್ಟದ್ದಲ್ಲ, ಗಾಬರಿ ಬೇಡ. ಚೆನ್ನಾಗಿ ಹಿಂಡಿ ಗಾಳಿಯಾಡೋ ಕಡೆ ಒಣಗಿಸಿ, ಸಿಂಕ್ ಮೂಲೇಲಿ ನೀರಲ್ಲಿ ನೆನೆಯೋಕೆ ಬಿಡ್ಬೇಡಿ.

ಒಂಟಿದೋಣಿ
ಸ್ಪಾಂಜಿಂದ ಮತ್ತೆ ವಿಷಯಕ್ಕೆ ಬರೋಣ. ನಾನೊಬ್ಳೇ ಎರಡು ಮಕ್ಕಳನ್ನ ನೋಡ್ಕೊಳ್ಳೋದು, ಇನ್ನೊಬ್ರ ಜೊತೆ ಹಂಚ್ಕೊಳ್ಳಿ ಅನ್ನೋ ಸಲಹೆ ನನಗೆ ದಕ್ಕಲ್ಲ. ಒಂದು ರಾತ್ರಿ ಕೂತು ಯೋಚನೆ ಮಾಡ್ದೆ, ಯಾವುದು ಬಿಟ್ರೆ ಮಕ್ಕಳಿಗೆ ಹುಷಾರು ತಪ್ಪುತ್ತೆ, ಯಾವುದು ಬಿಟ್ರೆ ಬರೀ ಕಣ್ಣಿಗೆ ಚೆನ್ನಾಗಿ ಕಾಣಲ್ಲ ಅಂತ. ಮೊದಲನೇ ಪಟ್ಟಿ ತುಂಬ ಚಿಕ್ಕದಿತ್ತು. ಅಡುಗೆ ಕಟ್ಟೆ, ಟಾಯ್ಲೆಟ್, ಹಸಿ ಕಸ, ಒದ್ದೆ ಬಟ್ಟೆ. ಇಷ್ಟೇ. ಇವನ್ನ ದಿನ ಬಿಡಲ್ಲ. ಕಿಟಕಿ, ಶೋಕೇಸು, ಸೋಫಾ ಕೆಳಗೆ, ಇವೆಲ್ಲ ಆದಾಗ ಆಗುತ್ತೆ. ಎರಡು ತಿಂಗಳು ಕಿಟಕಿ ಒರೆಸದೇ ಇದ್ದೀನಿ, ಮಕ್ಕಳು ಆರಾಮಾಗಿದಾರೆ, ನಾನು ರಾತ್ರಿ ಹತ್ತಕ್ಕೆ ಅವರ ಪಕ್ಕ ಮಲ್ಕೊಂಡು ಕಥೆ ಹೇಳ್ತೀನಿ.

ಹಸಿರುಬಾಗಿಲು
ಒಂಟಿದೋಣಿ, ಓದಿ ಮನಸ್ಸು ತುಂಬಿ ಬಂತು.

ಮೂವರಪ್ಪ
ಆ ಪಟ್ಟಿಗೆ ಹಾಸಿಗೆ ಬಟ್ಟೆ ಸೇರಿಸಿ. ನಮ್ಮ ಎರಡನೆಯವ್ನಿಗೆ ಬೆಳಿಗ್ಗೆ ಎದ್ದ ತಕ್ಷಣ ಸೀನು, ಧೂಳಿನ ಹುಳದ ಅಲರ್ಜಿ ಅಂದ್ರು. ವಾರಕ್ಕೊಮ್ಮೆ ದಿಂಬಿನ ಕವರು, ಬೆಡ್‌ಶೀಟು 60 ಡಿಗ್ರಿ ನೀರಲ್ಲಿ ಒಗೀತೀವಿ, ಆ ಬಿಸೀಲಿ ಹುಳ ಉಳಿಯಲ್ಲ. ಅವನ ರೂಮಲ್ಲಿ ಪೊರಕೆ ಹಿಡಿಯೋದನ್ನೂ ಬಿಟ್ವಿ, ಒಣ ಪೊರಕೆ ಧೂಳನ್ನ ಗಾಳಿಗೆ ಎಬ್ಬಿಸುತ್ತೆ, ಸ್ವಲ್ಪ ಹೊತ್ತಿಗೆ ಅದು ಮತ್ತೆ ಅಲ್ಲೇ ಬಂದು ಕೂರುತ್ತೆ. ಒದ್ದೆ ಬಟ್ಟೆ ಇಲ್ಲಾಂದ್ರೆ ವ್ಯಾಕ್ಯೂಮ್.

ಮುಸ್ಸಂಜೆ
ಎಲ್ರೂ ಏನು ಮಾಡ್ಬೇಕು ಅಂತ ಹೇಳ್ತಿದೀರಾ, ಯಾರು ಮಾಡ್ಬೇಕು ಅಂತ ಒಬ್ರೂ ಕೇಳ್ತಿಲ್ವಲ್ಲ? ಕಿಟಕಿಪಕ್ಕ, ನಿಮ್ಮ ಪೋಸ್ಟಲ್ಲಿ ಟೈಮ್‌ಟೇಬಲ್ ಬರೆದವ್ರು ನೀವು, ಅಂಟಿಸಿದವ್ರು ನೀವು, ಅದು ಕೆಟ್ಟಾಗ ಬೇಜಾರಾದವ್ರೂ ನೀವೇ. ನಿಮ್ಮನೆಯವ್ರು ಎಲ್ಲಿ?

ಕಿಟಕಿಪಕ್ಕ
ಅವ್ರು ಮಾಡ್ತಾರೆ ರೀ, ಮಾಡಲ್ಲ ಅಂತಲ್ಲ. ಹೇಳಿದ್ರೆ ಎಲ್ಲಾನೂ ಮಾಡ್ತಾರೆ.

ಮುಸ್ಸಂಜೆ
ಅದೇ ನಾನು ಹೇಳೋದು. "ಹೇಳಿದ್ರೆ ಮಾಡ್ತಾರೆ" ಅಂದ್ರೆ ನೋಡೋದು, ನೆನಪಿಟ್ಕೊಳ್ಳೋದು, ಹೇಳೋದು, ಆಯ್ತಾ ಅಂತ ಮತ್ತೆ ಕೇಳೋದು, ನಾಲ್ಕೂ ನಿಮ್ಮ ತಲೆ ಮೇಲೆ. ಫಿನಾಯಿಲ್ ಮುಗೀತಾ ಬಂತು ಅಂತ ಆಫೀಸ್ ಮೀಟಿಂಗಲ್ಲಿ ಯಾರಿಗೆ ನೆನಪಾಗುತ್ತೆ? ನಮ್ಮನೇಲೂ ಹೀಗೇ ಇತ್ತು. ಕೊನೆಗೆ ಕೆಲಸ ಹಂಚೋದು ಬಿಟ್ಟು ಜಾಗ ಹಂಚ್ಕೊಂಡ್ವಿ. ಎರಡೂ ಬಾತ್‌ರೂಮು ಪೂರ್ತಿ ಅವರದ್ದು. ಬ್ರಶ್ ಸವೆದಿದ್ಯಾ, ಲಿಕ್ವಿಡ್ ಇದ್ಯಾ, ಯಾವತ್ತು ತೊಳೆಯೋದು, ಎಲ್ಲ ಅವರೇ ನೋಡ್ಕೊಳ್ತಾರೆ. ನಾನು ಆ ಬಗ್ಗೆ ಬಾಯಿ ಬಿಡಲ್ಲ.

ನೆರಳುಬೆಳಕು
ಗಂಡಸಾಗಿ ಒಂದು ಮಾತು ಹೇಳ್ಲಾ? ನಾನು ನೆಲ ಒರೆಸ್ತೀನಿ, ಬಟ್ಟೆ ಮಡಿಸ್ತೀನಿ. ಹತ್ತು ನಿಮಿಷ ಆದ್ಮೇಲೆ ನಮ್ಮನೆಯವಳು ಬಂದು ಅದೇ ನೆಲ ಮತ್ತೆ ಒರೆಸ್ತಾಳೆ, ಅದೇ ಟವಲ್ ಬಿಚ್ಚಿ ಬೇರೆ ಥರ ಮಡಿಸ್ತಾಳೆ. ಆಗ ಕೈ ಹಿಂದಕ್ಕೆ ಹೋಗುತ್ತೆ ಮೇಡಂ. ಜಾಗ ಬಿಟ್ಟುಕೊಟ್ಮೇಲೆ ಪೂರ್ತಿ ಬಿಟ್ಟುಕೊಡ್ಬೇಕು.

ಮುಸ್ಸಂಜೆ
ಒಪ್ದೆ. ಮೊದಲ ತಿಂಗಳು ನನಗೆ ತುಂಬ ಕಷ್ಟ ಆಯ್ತು, ನಲ್ಲಿ ಹಿಂದೆ ಅವರು ಉಜ್ತಿರಲಿಲ್ಲ. ಆದ್ರೆ ಕೊಳಕಿಗೆ ಸುಮ್ನಿರಿ ಅಂತ ಅರ್ಥ ಅಲ್ಲ. ತೊಳೆದಾಯ್ತು ಅಂದ್ರೆ ಏನೇನು ಆಗಿರ್ಬೇಕು ಅಂತ ಮೊದಲೇ ಇಬ್ರೂ ನಿಂತು ನೋಡಿ ಒಪ್ಕೊಳ್ಳಿ. ಒಪ್ಕೊಂಡ್ಮೇಲೆ ಹೇಗೆ ಮಾಡ್ತಾರೆ ಅನ್ನೋದು ಅವರಿಗೆ ಬಿಟ್ಟಿದ್ದು.

ಹಿರಿಜೀವ
ನನಗೆ ಅರವತ್ತೆಂಟು, ಸೊಸೆ ಮೊಬೈಲಲ್ಲಿ ತೋರಿಸಿದ್ಳು, ಓದಿ ಬರೀತಿದೀನಿ. ಆ ಮನೆಯ ಅತ್ತೆ ಪರವಾಗಿ ಎರಡು ಮಾತು. ಮಂಡಿನೋವು ಅಂತ ನಮ್ಮನ್ನ ಸುಮ್ನೆ ಕೂರಿಸ್ಬೇಡಿ ಮಗಳೇ. ಕೂತು ಮಾಡೋ ಕೆಲಸ ಬೇಕಾದಷ್ಟಿರುತ್ತೆ. ಬಟ್ಟೆ ಮಡಿಸ್ತೀವಿ, ಕಾಲುಚೀಲ ಜೋಡಿ ಮಾಡ್ತೀವಿ, ಮೊಮ್ಮಗನ ಜೊತೆ ಆಟಿಕೆ ಡಬ್ಬಿಗೆ ಹಾಕ್ತೀವಿ. ಎಲ್ಲರೂ ಓಡಾಡ್ತಾ ಇರುವಾಗ ನಾನೊಬ್ಬಳೇ ಕಾಲು ಎತ್ತಿ ಕೂತ್ಕೊಳ್ಳೋದು ಮನಸ್ಸಿಗೆ ಹಿಂಸೆ. ಇನ್ನೊಂದು, ರಾತ್ರಿ ನೆಲ ಒರೆಸಿ ಹಾಗೇ ಮಲಗ್ಬೇಡಿ. ನಾವು ರಾತ್ರಿ ಎರಡು ಮೂರು ಸಲ ಏಳ್ತೀವಿ, ಒದ್ದೆ ಟೈಲ್ಸ್ ಮೇಲೆ ಕಾಲು ಜಾರಿದ್ರೆ ಸೊಂಟ ಮುರಿಯುತ್ತೆ. ಒರೆಸಿದ ಮೇಲೆ ಒಣಬಟ್ಟೆ ಒಂದ್ಸಲ ಆಡಿಸಿ, ಫ್ಯಾನ್ ಹಾಕಿ.

ಕಿಟಕಿಪಕ್ಕ
ಅಮ್ಮ, ನೀವು ಬರೆದಿದ್ದನ್ನ ಅತ್ತೆಗೆ ಓದಿ ಹೇಳ್ದೆ. "ನಾನೂ ಎಷ್ಟು ದಿನದಿಂದ ಇದೇ ಹೇಳ್ಬೇಕು ಅಂತಿದ್ದೆ" ಅಂದ್ರು. ನಾನು ಒಂದು ದಿನವೂ ಕೇಳಿರಲಿಲ್ಲ.

ಚಿಕ್ಕಪರದೆ
ರೋಬೋಟ್ ವ್ಯಾಕ್ಯೂಮ್ ತಗೊಂಡ್ರೆ ಎಲ್ಲ ಮುಗೀತಲ್ಲ?

ಕಾರ್ಖಾನೆಕಣ್ಣು
ಅದು ಓಡಾಡೋಕೆ ನೆಲ ಖಾಲಿ ಇರ್ಬೇಕು ತಮ್ಮಾ. ಮೊದಲು ಎತ್ತಿಡೋರು ಯಾರು? ಕಾಲುಚೀಲ, ಚಾರ್ಜರ್ ವೈರು ಸಿಕ್ಕಿಹಾಕ್ಕೊಂಡು ಮಧ್ಯದಲ್ಲೇ ನಿಲ್ಲುತ್ತೆ. ಎತ್ತಿಡೋ ಅಭ್ಯಾಸ ಆದ್ಮೇಲೆ ತಗೊಳ್ಳಿ, ಆಗ ನಿಜಕ್ಕೂ ಉಪಯೋಗ.

ಚಿಕ್ಕಪರದೆ
ನಮ್ಮಲ್ಲಿ ಚೆನ್ನಾಗೇ ಓಡ್ತಿದೆ, ಆದ್ರೆ ನಾವಿರೋದು ಇಬ್ರೇ, ಮಕ್ಕಳಿಲ್ಲ.

ಕಿಟಕಿಪಕ್ಕ
ಮೂರು ವಾರ ಆದ್ಮೇಲೆ ಬರೀತಿದೀನಿ. ಏನಾಯ್ತು ಅಂತ ಹೇಳ್ತೀನಿ ಅಂದಿದ್ದೆ ಕೆಲವ್ರಿಗೆ ಮೆಸೇಜಲ್ಲಿ.

ಮೊದಲ ಭಾನುವಾರ ಮನೆ ಒರೆಸಲೇ ಇಲ್ಲ. ಐದೂ ಜನ ಹಾಲಲ್ಲಿ ಕೂತು ಬೇಡದ್ದು ತೆಗೆದ್ವಿ, ಒಂಬತ್ತು ಚೀಲ ಆಯ್ತು. ಡೈನಿಂಗ್ ಟೇಬಲ್ ಮೇಲಿದ್ದ ಒಂದೊಂದು ವಸ್ತುವನ್ನೂ ಎತ್ತಿ "ಇದರ ಮನೆ ಎಲ್ಲಿ" ಅಂತ ಕೇಳ್ತಾ ಹೋದ್ವಿ. ಮಗ ಇದನ್ನೇ ಆಟ ಮಾಡ್ಕೊಂಡ, ಈಗ ನನ್ನ ಪರ್ಸ್ ಸೋಫಾ ಮೇಲಿದ್ರೆ "ಅಮ್ಮಾ ಇದಕ್ಕೆ ಮನೆ ಇಲ್ವಾ" ಅಂತ ತಂದು ಕೊಡ್ತಾನೆ. ಬಾಗಿಲ ಹತ್ರ ಒಂದು ಬುಟ್ಟಿ ಇಟ್ಟಿದೀವಿ, ದಿನದಲ್ಲಿ ಎಲ್ಲೆಲ್ಲೋ ಬಿದ್ದಿದ್ದು ಅದಕ್ಕೆ ಹೋಗುತ್ತೆ, ರಾತ್ರಿ ಅತ್ತೆ ಮತ್ತೆ ಮಗ ಕೂತು ಅವರವರ ಪಾಲು ವಿಂಗಡಿಸ್ತಾರೆ.

ಬಾತ್‌ರೂಮು ಪೂರ್ತಿ ನಮ್ಮನೆಯವ್ರು ವಹಿಸ್ಕೊಂಡ್ರು. ನಾನು ಕೇಳಿದ್ದು ಒಂದೇ, ಎರಡು ಬಾಟಲಿ ಯಾವತ್ತೂ ಸೇರಿಸ್ಬೇಡಿ ಅಂತ. ಎರಡನೇ ವಾರ ಅವ್ರು ತೊಳೆದಿರಲಿಲ್ಲ, ನನಗೆ ಬಾಯಿ ತುದಿಗೆ ಬಂದಿತ್ತು, ನುಂಗ್ಕೊಂಡೆ. ಗುರುವಾರ ರಾತ್ರಿ ಹನ್ನೊಂದಕ್ಕೆ ಬ್ರಶ್ ಸದ್ದು ಕೇಳಿಸ್ತು. ಮಗಳು ಸ್ನಾನ ಆದ್ಮೇಲೆ ವೈಪರ್ ಎಳೀತಾಳೆ, ವಾರದಲ್ಲಿ ನಾಲ್ಕು ದಿನ. ಇನ್ನೂ ಆಗದೇ ಇರೋದು ರಾತ್ರಿ ಅಡುಗೆಮನೆ. ಸಿಂಕ್ ಖಾಲಿ ಮಾಡಿ ಮಲಗೋಣ ಅಂತೀನಿ, ಒಂಬತ್ತೂವರೆ ಆದ್ಮೇಲೆ ಕಾಲು ನಿಲ್ಲಲ್ಲ. ತಂಗಾಳಿ, ಇದನ್ನ ಹೇಗೆ ಮಾಡ್ತೀರಾ ಸ್ವಲ್ಪ ಹೇಳಿ.

ಭಾನುವಾರ ಈಗ ಒಂದೂವರೆ ಗಂಟೆ. ಫ್ಯಾನಿಂದ ಶುರು ಮಾಡಿ ಕೊನೆಗೆ ನೆಲ, ಮುಂಚೆ ಉಲ್ಟಾ ಮಾಡಿ ಒರೆಸಿದ ನೆಲದ ಮೇಲೇ ಧೂಳು ಬೀಳಿಸ್ಕೊಳ್ತಿದ್ದೆ. ಕಿಟಕಿ ಮುಟ್ಟಿಲ್ಲ.

ತಂಗಾಳಿ
ಊಟ ಆದ್ಮೇಲೆ ಕೂತ್ರೆ ಏಳೋಕಾಗಲ್ಲ, ಅದಕ್ಕೆ ನಾನು ಕೂರೋದೇ ಇಲ್ಲ. ತಟ್ಟೆ ಎತ್ತಿದ ಕೈಲೇ ತೊಳೆದುಬಿಡೋದು, ಅವರವರ ತಟ್ಟೆ ಅವರವರೇ. ಅಡುಗೆ ಮಾಡಿದ ಪಾತ್ರೆ ಮಾತ್ರ ಒಬ್ರು. ತೀರಾ ಸುಸ್ತಾದ ದಿನ ನೀರು ತುಂಬಿಸಿ ಇಟ್ಟು ಮಲಗ್ತೀನಿ, ಜಿಡ್ಡು ಒಣಗದೇ ಇದ್ರೆ ಬೆಳಿಗ್ಗೆ ಐದು ನಿಮಿಷದ ಕೆಲಸ.

ಮೂವರಪ್ಪ
ಮೂರು ವಾರಕ್ಕೆ ಇಷ್ಟಾಗಿದ್ದು ದೊಡ್ಡದು. ನಮ್ಗೆ ಆರು ತಿಂಗಳು ಹಿಡೀತು.

ಕಿಟಕಿಪಕ್ಕ
ಅವರವರ ತಟ್ಟೆ ಇವತ್ತಿಂದಲೇ ಶುರು ಮಾಡ್ತೀವಿ. ಹಾಂ, ಕೊನೇ ಒಂದು ಪ್ರಶ್ನೆ, ವಾಷಿಂಗ್ ಮಷೀನಿಂದ ಮುಗ್ಗಲು ವಾಸನೆ ಬರ್ತಿದೆ, ಒಗೆದ ಬಟ್ಟೇಲೂ ಅದೇ ವಾಸನೆ.

ರಾತ್ರಿಪಾಳಿ
ಬಾಗಿಲು ಮುಚ್ಚಿಡ್ತೀರಾ ಅಲ್ವಾ? ಒಗೆದ್ಮೇಲೆ ತೆಗೆದೇ ಬಿಡಿ. ಬಾಗಿಲ ಸುತ್ತ ಇರೋ ರಬ್ಬರ್ ಮಡಿಕೆ ಬಿಡಿಸಿ ನೋಡಿ, ಕಪ್ಪಗೆ ಬೂಷ್ಟು ಕಟ್ಟಿರುತ್ತೆ, ಬಟ್ಟೇಲಿ ಒರೆಸಿ ತೆಗೀರಿ. ಕೆಳಗಡೆ ಸಣ್ಣ ಮುಚ್ಚಳದ ಹಿಂದೆ ಫಿಲ್ಟರ್ ಇರುತ್ತೆ, ಅದನ್ನೂ ಬಿಚ್ಚಿ ತೊಳೀರಿ, ಬಿಚ್ಚೋ ಮುಂಚೆ ಕೆಳಗೆ ತಟ್ಟೆ ಇಡಿ, ನೀರು ಬರುತ್ತೆ.

ಕಿಟಕಿಪಕ್ಕ
ಫಿಲ್ಟರ್ ಇದೆ ಅಂತಲೇ ಗೊತ್ತಿರಲಿಲ್ಲ ಅಕ್ಕ. ಈಗ ತೆಗೆದೆ. ಎರಡು ಹೇರ್‌ಪಿನ್, ಒಂದು ಬಳಪ, ಮಗನ ಕಳೆದುಹೋದ ಪುಟಾಣಿ ಕಾರಿನ ಚಕ್ರ ಸಿಕ್ತು. ಕಾರನ್ನ ಒಂಬತ್ತು ಚೀಲದಲ್ಲಿ ಯಾವುದಕ್ಕೋ ಹಾಕಿಬಿಟ್ಟಿದೀವಿ ಅನ್ಸುತ್ತೆ, ಹುಡುಕ್ತಿದೀವಿ.